‘ನಮ್ಮವರು’ ಎಂದರೆ ರಸೀದಿ ಬೇಡವೆ?

ಜೂನ್ ತಿಂಗಳು ಬಂತೆಂದರೆ ದೆಹಲಿಯ ಕನ್ನಡಿಗರ ಮನೆಗಳಿಗೆ ಊರಿನ ಕರೆಗಳು ಹೆಚ್ಚುತ್ತವೆ. ಹಾವೇರಿಯ ದೂರದ ನೆಂಟರು, ಹಾಸನದ ನೆಂಟರ ಪರಿಚಯದವರು, ಎಲ್ಲರದೂ ಒಂದೇ ಕೋರಿಕೆ: “ಹುಡುಗ ಓದಲಿಕ್ಕೆ ಅಲ್ಲಿಗೆ ಬರ್ತಾನೆ. ನಮ್ಮವರ ಮನೆಯಲ್ಲೇ ಎಲ್ಲಾದರೂ ಒಂದು ಕೋಣೆ ನೋಡಿ ಕೊಡಿ.”

ಈ ಕೋರಿಕೆಯಲ್ಲಿ ತಪ್ಪೇನೂ ಇಲ್ಲ. 2022ರಿಂದ ದೆಹಲಿ ವಿಶ್ವವಿದ್ಯಾಲಯದ ಪದವಿ ತರಗತಿಗಳಿಗೆ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಪ್ರವೇಶ. ಅಂಕ ಬಂದರೆ ಗದಗಿನ ಹುಡುಗಿಗೂ ಇಲ್ಲಿ ಸೀಟು ಉಂಟು. ಆದರೆ ಸೀಟು ಸಿಕ್ಕವರಿಗೆಲ್ಲ ಹಾಸ್ಟೆಲು ಸಿಗುವುದಿಲ್ಲ; ಬಹುಪಾಲು ಮಕ್ಕಳು ಕಮಲಾನಗರ, ವಿಜಯನಗರಗಳ ಪೀಜಿಗಳನ್ನೇ ನಂಬಬೇಕು. ಐ.ಎ.ಎಸ್. ಕನಸು ಹೊತ್ತವರು ಮುಖರ್ಜಿನಗರಕ್ಕೋ ಓಲ್ಡ್ ರಾಜೇಂದ್ರನಗರಕ್ಕೋ ಹೋಗುತ್ತಾರೆ, ಸಿ.ಎ. ಓದುವವರು ಲಕ್ಷ್ಮೀನಗರ ಸೇರುತ್ತಾರೆ. ಅಲ್ಲಿನ ಕಟ್ಟಡಗಳ ಯೋಗ್ಯತೆಯನ್ನು ದೇಶವೇ ನೋಡಿದೆ. 2023ರ ಜೂನ್ 15ರಂದು ಮುಖರ್ಜಿನಗರದ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ವಿದ್ಯಾರ್ಥಿಗಳು ಕಿಟಕಿಯಿಂದ ತಂತಿ ಹಿಡಿದು ಇಳಿದರು. 2024ರ ಜುಲೈ 27ರಂದು ಓಲ್ಡ್ ರಾಜೇಂದ್ರನಗರದಲ್ಲಿ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ಪ್ರಾಣ ಬಿಟ್ಟರು. ವಾಹನ ನಿಲ್ಲಿಸಲು, ಸಾಮಾನು ಇಡಲು ಮಾತ್ರ ಅನುಮತಿ ಪಡೆದ ಜಾಗದಲ್ಲಿ ಮಕ್ಕಳನ್ನು ಓದಲು ಕೂರಿಸಿದ್ದರು. ಇದನ್ನೆಲ್ಲ ಟಿ.ವಿ.ಯಲ್ಲಿ ನೋಡಿದ ತಾಯಿತಂದೆಯರು ‘ನಮ್ಮವರ ಮನೆ’ ಹುಡುಕದೆ ಇನ್ನೇನು ಮಾಡಿಯಾರು?

ಆದ್ದರಿಂದಲೇ ನಾವು ಇಂದು ಪಂಜಾಬಿ ಮಾಲೀಕನನ್ನೋ ಜಾಟ್ ಜಮೀನುದಾರನನ್ನೋ ಬಯ್ಯಲು ಹೊರಟಿಲ್ಲ. ಅವರನ್ನು ಬಯ್ಯುವುದು ಸುಲಭ. ಅವರು ಈ ಪತ್ರಿಕೆ ಓದುವುದಿಲ್ಲ. ನಾವು ಹೇಳಬೇಕಾಗಿರುವುದು ಇದನ್ನು ಓದುವವರಿಗೆ. ದೆಹಲಿಯಲ್ಲಿ ಮೂವತ್ತು ವರ್ಷ ದುಡಿದು ಒಂದು ಫ್ಲ್ಯಾಟು ಮಾಡಿಕೊಂಡು, ಮೇಲಿನ ಬರಸಾತಿಯನ್ನೋ ಹಿಂದಿನ ಕೋಣೆಯನ್ನೋ ಊರಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿರುವ ನಮ್ಮ ಮಹನೀಯರಿಗೆ. ಎಲ್ಲರೂ ಹಾಗಲ್ಲ, ಮಗನಂತೆ ನೋಡಿಕೊಳ್ಳುವವರೂ ಇದ್ದಾರೆ, ಅವರು ಸಿಟ್ಟಾಗಬೇಕಿಲ್ಲ. ಆದರೆ ಉಳಿದವರ ವ್ಯವಹಾರ ಹೇಗಿದೆ, ನೋಡಿ.

ಹುಡುಗ ಬಂದ ದಿನ ಕಾಫಿ, ಉಪ್ಪಿಟ್ಟು. “ನೀನು ನಮ್ಮ ಮನೆಯ ಹುಡುಗನಪ್ಪಾ” ಎಂಬ ಮಾತು. ಆಮೇಲೆ ಎರಡು ತಿಂಗಳ ಬಾಡಿಗೆ ಡಿಪಾಜಿಟ್ಟು, ಒಂದು ತಿಂಗಳದು ಮುಂಗಡ, ಎಲ್ಲವೂ ಕೈಗೆ ನಗದು. ರಸೀದಿ ಕೇಳಿದರೆ ಮುಖ ಸಪ್ಪಗಾಗುತ್ತದೆ. “ನಮ್ಮ ನಮ್ಮಲ್ಲೇ ಕಾಗದ ಪತ್ರ ಯಾಕೆ? ನಂಬಿಕೆ ಇಲ್ವೇ?” ಹತ್ತೊಂಬತ್ತರ ಹುಡುಗ ನಾಚಿ ಸುಮ್ಮನಾಗುತ್ತಾನೆ. ಆದರೆ ಅವನ ಆಧಾರ್ ಕಾರ್ಡಿನ ಪ್ರತಿ, ತಂದೆಯ ಫೋನ್ ನಂಬರು, ಪೊಲೀಸ್ ಪರಿಶೀಲನೆಯ ಫಾರಮು, ಇವೆಲ್ಲ ಅಂದೇ ಬೇಕು. ಅಂದರೆ ಕಾಗದ ಬೇಡವೆಂದಲ್ಲ. ಮಾಲೀಕನ ಕೈಯಲ್ಲಿ ಕಾಗದ ಇರಬೇಕು, ಹುಡುಗನ ಕೈಯಲ್ಲಿ ನಂಬಿಕೆ ಇರಬೇಕು!

ಕೋಣೆ ಬಿಡುವ ದಿನ ಈ ನಂಬಿಕೆಯ ಬೆಲೆ ತಿಳಿಯುತ್ತದೆ. ಗೋಡೆಗೆ ಮೊಳೆ ಹೊಡೆದದ್ದಕ್ಕೆ ಇಷ್ಟು, ಸುಣ್ಣಬಣ್ಣಕ್ಕೆ ಇಷ್ಟು, ನೋಟೀಸು ಕೊಡದ್ದಕ್ಕೆ ಇಷ್ಟು ಎಂದು ಕಳೆದು ಕಳೆದು ಡಿಪಾಜಿಟ್ಟು ಕರಗಿಹೋಗುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ನಮಗೆ ತಿಳಿದ ರಾಯಚೂರು ಕಡೆಯ ಹುಡುಗನೊಬ್ಬ ಎರಡು ವರ್ಷ ಒಂದು ದಿನವೂ ತಡಮಾಡದೆ ಬಾಡಿಗೆ ಕೊಟ್ಟ. ಬಿಡುವಾಗ ಡಿಪಾಜಿಟ್ಟಿನಲ್ಲಿ ಬಿಡಿಗಾಸೂ ಬರಲಿಲ್ಲ. ಯಾರಲ್ಲಿ ದೂರುವುದು? ಕೊಟ್ಟೆನೆಂಬುದಕ್ಕೆ ಚೀಟಿ ಇಲ್ಲ. ಜೊತೆಗೆ, “ಹಿರಿಯರ ಮೇಲೆ ದೂರು ಹೇಳ್ತೀಯಾ?” ಎಂದು ಊರಿನಿಂದಲೇ ತಂದೆಯ ಬೈಗುಳ. ಅಪರಿಚಿತ ಮಾಲೀಕನಾಗಿದ್ದರೆ ಆ ಹುಡುಗ ಬಾಯಿ ಬಿಟ್ಟಾದರೂ ಜಗಳವಾಡುತ್ತಿದ್ದ. ‘ನಮ್ಮವರು’ ಎಂಬ ಮಾತು ಆ ಬಾಯಿಯನ್ನೂ ಕಟ್ಟಿತು.

ಕಾನೂನು ಇಲ್ಲವೆ ಎಂದು ಕೇಳಬಹುದು. ದೆಹಲಿ ಬಾಡಿಗೆ ನಿಯಂತ್ರಣ ಕಾಯಿದೆ 1958ರದು. 1988ರ ತಿದ್ದುಪಡಿಯ ನಂತರ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. ಇಂದು 3,500ಕ್ಕೆ ಈ ನಗರದಲ್ಲಿ ಕೋಣೆಯಿರಲಿ, ಗಾಳಿಯಾಡುವ ಮೂಲೆಯೂ ದುರ್ಲಭ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ಟು ಕೇಳಬಾರದೆಂದಿದೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ. ಆಯಾ ರಾಜ್ಯ ತನ್ನ ಕಾನೂನು ಮಾಡಿಕೊಳ್ಳದೆ ಜಾರಿಗೆ ಬರುವುದಿಲ್ಲ. ಇನ್ನು ಎಲ್ಲೆಲ್ಲೂ ಕಾಣುವ ಹನ್ನೊಂದು ತಿಂಗಳ ಕರಾರು. 1908ರ ನೋಂದಣಿ ಕಾಯಿದೆಯಂತೆ ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು; ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಹೀಗಿರುವಾಗ ವಿದ್ಯಾರ್ಥಿಗೆ ಉಳಿಯುವ ಒಂದೇ ರಕ್ಷಣೆ ಅವನ ಕೈಯಲ್ಲಿರುವ ಬರಹ: ಕರಾರು ಮತ್ತು ರಸೀದಿ. ಅದನ್ನೂ ಕೊಡೆವು ಎಂದರೆ ಏನು ಉಳಿಯಿತು?

ಕರೆಂಟಿನ ಲೆಕ್ಕ ಇನ್ನೂ ಸೊಗಸು. ಗುಮಾಸ್ತಗಿರಿಯಲ್ಲಿ ನಮ್ಮ ಬಿ.ಎಸ್‌ಸಿ. ಗಣಿತ ಉಪಯೋಗಕ್ಕೆ ಬಂದದ್ದು ಕಡಿಮೆ, ಇಲ್ಲಿ ಉಪಯೋಗಿಸೋಣ. ದೆಹಲಿಯ 2019ರ ದರಪಟ್ಟಿಯಲ್ಲಿ ಮನೆಬಳಕೆಯ ಮೊದಲ 200 ಯೂನಿಟ್ಟಿಗೆ ಮೂಲ ದರ ಯೂನಿಟ್ಟಿಗೆ 3 ರೂಪಾಯಿ, ಮುಂದಿನ 200ಕ್ಕೆ ನಾಲ್ಕೂವರೆ. ಅದರ ಮೇಲೆ ನಿಗದಿತ ಶುಲ್ಕ, ಅಧಿಭಾರಗಳು ಸೇರುತ್ತವೆ, ಒಪ್ಪಿದೆವು. ಮಾಲೀಕರು ಉಪಮೀಟರು ಹಾಕಿ ಹುಡುಗರಿಂದ ಯೂನಿಟ್ಟಿಗೆ ಹತ್ತು ರೂಪಾಯಿ ವಸೂಲು ಮಾಡುತ್ತಾರೆ. ಮೂವರು ಹುಡುಗರು ತಿಂಗಳಿಗೆ 180 ಯೂನಿಟ್ಟು ಉರಿಸಿದರೆ ಮೂಲ ದರದಲ್ಲಿ 540 ರೂಪಾಯಿ, ಕೊಡುವುದು 1,800. 2019ರ ಆಗಸ್ಟಿನಲ್ಲಿ ದೆಹಲಿ ಸರ್ಕಾರ ತಿಂಗಳಿಗೆ 200 ಯೂನಿಟ್ಟಿನವರೆಗೆ ಬಿಲ್ಲೇ ಇಲ್ಲವೆಂದು ಸಾರಿತು. ಮಹಡಿಗೆ ಬೇರೆ ಮೀಟರು ಇದ್ದು, ಅದು ಆ ಮಿತಿಯೊಳಗೆ ಬಂದು, ಸಬ್ಸಿಡಿ ಪಡೆದಿದ್ದರೆ ಮಾಲೀಕನ ಬಿಲ್ಲು ಸೊನ್ನೆ. ಹುಡುಗರ ಬಿಲ್ಲು ಮಾತ್ರ 1,800! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಡಿಗೆದಾರರೇ ಪ್ರಿಪೇಯ್ಡ್ ಮೀಟರು ಹಾಕಿಸಿಕೊಳ್ಳುವ ಯೋಜನೆಯನ್ನೂ ಘೋಷಿಸಿದರು. ಅದಕ್ಕೆ ಕೇಳಿದ ಕಾಗದ ಯಾವುದು? ಬಾಡಿಗೆ ಕರಾರು, ಇಲ್ಲವೇ ಬಾಡಿಗೆ ರಸೀದಿ. ರಸೀದಿ ಕೊಡದವನು ಆ ಬಾಗಿಲನ್ನೂ ಮುಚ್ಚಿದ.

ದೊಡ್ಡ ಪೀಜಿ ನಡೆಸುವವರು ಬಿಲ್ಲಿನಲ್ಲಿ ‘ಟ್ಯಾಕ್ಸ್’ ಎಂದು ಬರೆದರೆ ಪೋಷಕರು ಒಂದು ವಿಷಯ ನೆನಪಿಡಬೇಕು. 2024ರ ಜೂನ್ 22ರ ಸಭೆಯಲ್ಲಿ ಜಿ.ಎಸ್.ಟಿ. ಮಂಡಳಿಯು, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯವರೆಗಿನ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಸತಿಗೆ ತೆರಿಗೆ ವಿನಾಯಿತಿ ಶಿಫಾರಸು ಮಾಡಿತು. ಮರುತಿಂಗಳೇ ಅದು ಜಾರಿಗೆ ಬಂತು.

ರಸೀದಿಗೆ ಇಷ್ಟು ಹೆದರಿಕೆ ಏಕೆ? ಆದಾಯ ತೆರಿಗೆಯ ಲೆಕ್ಕಕ್ಕೆ ಬಾಡಿಗೆ ಬರಬಾರದೆಂಬುದೇ ಗುಟ್ಟು. ಬಾಡಿಗೆಯ ವರಮಾನದಲ್ಲಿ ನೂರಕ್ಕೆ 30ರಷ್ಟನ್ನು ದುರಸ್ತಿ ಇತ್ಯಾದಿಗೆಂದು ಕಾಯಿದೆಯೇ ಬಿಟ್ಟುಕೊಡುತ್ತದೆ. ಅಷ್ಟಾದರೂ ತೃಪ್ತಿಯಿಲ್ಲ. ಸೋಜಿಗವೇನೆಂದರೆ ಇವರಲ್ಲಿ ಹಲವರು ನಮ್ಮಂತೆಯೇ ಸರ್ಕಾರಿ ಕಚೇರಿಗಳಲ್ಲಿ ಸೇವೆ ಸಲ್ಲಿಸಿದವರು. ಮನೆಬಾಡಿಗೆ ಭತ್ಯೆಯ ವಿನಾಯಿತಿಗಾಗಿ ಪ್ರತಿ ವರ್ಷ ರಸೀದಿ ಲಗತ್ತಿಸಿದವರು. ರಸೀದಿ ಇಲ್ಲದ ಒಂದು ಟಿ.ಎ. ಬಿಲ್ಲನ್ನೂ ಪಾಸು ಮಾಡದವರು!

ಸರ್ಕಾರಿ ಕ್ವಾರ್ಟರ್ಸಿನ ಮಾತನ್ನೂ ಆಡಿಬಿಡೋಣ. ಹಂಚಿಕೆಯಾದ ಕ್ವಾರ್ಟರ್ಸನ್ನು ಒಳಬಾಡಿಗೆಗೆ ಕೊಡುವುದು 2017ರ ಹಂಚಿಕೆ ನಿಯಮಗಳಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ ಹಂಚಿಕೆ ರದ್ದು, ಇಲಾಖಾ ಕ್ರಮ. ಆದರೂ ಕೋಣೆ ಕೊಡುತ್ತಾರೆ. ತಪಾಸಣೆಗೆ ಯಾರಾದರೂ ಬಂದರೆ “ಅಕ್ಕನ ಮಗ ಅಂತ ಹೇಳು” ಎಂದು ಹುಡುಗನಿಗೆ ಪಾಠ. ನಾಳೆ ಐ.ಎ.ಎಸ್. ಆಗಲು ಬಂದವನಿಗೆ ದೆಹಲಿಯಲ್ಲಿ ನಮ್ಮವರು ಕಲಿಸಿದ ಮೊದಲ ಪಾಠ ಸುಳ್ಳು ಹೇಳುವುದು. ತಪಾಸಣೆಯ ಸುದ್ದಿ ಬಂದರೆ ಮೊದಲು ಬೀದಿಗೆ ಬೀಳುವುದೂ ಅವನ ಟ್ರಂಕೇ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರುತ್ತದೆ: “ನೀವು ಯಾವ ಪೈಕಿ?” ನೇರವಾಗಿ ಕೇಳಲು ನಾಚಿಕೆಯಾದರೆ, “ಮನೇಲಿ ಊಟ ಏನು?” ಎಂದು ಸುತ್ತಿ ಬಳಸಿ. ರಾಜ್ಯೋತ್ಸವದಂದು ವೇದಿಕೆಯಲ್ಲಿ ‘ಕನ್ನಡಿಗರೆಲ್ಲ ಒಂದೇ’ ಎನ್ನುವ ನಾವು ಕೋಣೆಯ ಬೀಗದ ಕೈ ಕೊಡುವಾಗ ಎಷ್ಟು ಜನ ಆಗುತ್ತೇವೆ? ಅಡುಗೆಮನೆಯ ನಿಯಮವನ್ನು ಮುಂಚೆಯೇ ಬರೆದು ತಿಳಿಸಿ, ಒಪ್ಪುವವನು ಬರಲಿ. ಜಾತಿ ಕೇಳುವ ಹಕ್ಕು ಯಾರಿಗೂ ಇಲ್ಲ.

ಮಾಲೀಕರಿಗೂ ತೊಂದರೆಗಳಿವೆ. ಹುಡುಗರು ಹೇಳದೆ ಕೇಳದೆ ಬಿಟ್ಟುಹೋಗುತ್ತಾರೆ, ನಲ್ಲಿ ತೆರೆದಿಡುತ್ತಾರೆ, ರಾತ್ರಿ ಎರಡಕ್ಕೆ ಗದ್ದಲ ಮಾಡುತ್ತಾರೆ. ನಿವೃತ್ತರಿಗೆ ಆ ಬಾಡಿಗೆಯೇ ಔಷಧಿಯ ಖರ್ಚು. ಇದೆಲ್ಲ ನಿಜ. ಆದರೆ ಇದಕ್ಕೂ ಮದ್ದು ಕಾಗದವೇ. ನೋಟೀಸು ಎಷ್ಟು ದಿನ, ಯಾವುದಕ್ಕೆ ಎಷ್ಟು ಕಡಿತ ಎಂದು ಬರೆದಿಟ್ಟರೆ ಹುಡುಗನೂ ಅದಕ್ಕೆ ಕಟ್ಟುಬೀಳುತ್ತಾನೆ. ಬರಹ ಇಬ್ಬರನ್ನೂ ಕಾಯುತ್ತದೆ.

ವಿದ್ಯಾರ್ಥಿಗೆ ನೆರಳು ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನ ಉಂಡು ಓದಿದವರ ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಸಿದ್ಧಗಂಗೆಯ ಮಠದಲ್ಲಿ, ಧಾರವಾಡದ ಮುರುಘಾಮಠದಲ್ಲಿ ಉಚಿತವಾಗಿ ಉಂಡು ಓದಿ ದೊಡ್ಡವರಾದವರು ಎಷ್ಟೋ ಮಂದಿ. ನಾವು ಯಾರನ್ನೂ ಉಚಿತವಾಗಿ ಇಟ್ಟುಕೊಳ್ಳಿರೆಂದು ಕೇಳುತ್ತಿಲ್ಲ. ಬಾಡಿಗೆ ತೆಗೆದುಕೊಳ್ಳಿ, ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಬಾಡಿಗೆ ತೆಗೆದುಕೊಂಡು ಅದಕ್ಕೆ ಧರ್ಮದ ಹೆಸರಿಡಬೇಡಿ.

ಸಂಘದ ಮುಂದೆ ನಮ್ಮ ಬೇಡಿಕೆ ನಾಲ್ಕು. ಒಂದು, ಈ ಪತ್ರಿಕೆಯ ‘ಕೋಣೆ ಬಾಡಿಗೆಗಿದೆ’ ಜಾಹೀರಾತಿನಲ್ಲಿ ಬಾಡಿಗೆ, ಡಿಪಾಜಿಟ್ಟು, ಕರೆಂಟಿನ ದರ ನಮೂದಿಸದಿದ್ದರೆ ಅಚ್ಚು ಮಾಡಬಾರದು. ಜಾತಿ ಸೂಚಿಸುವ ಜಾಹೀರಾತನ್ನು ಹಿಂದಿರುಗಿಸಬೇಕು. ಎರಡು, ವಕೀಲ ಸದಸ್ಯರಿಂದ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೇ ಹಾಳೆಯ ಕರಾರು ಬರೆಸಿ ಸಂಘದ ಕಚೇರಿಯಲ್ಲಿ ಇಡಬೇಕು. ಮೂರು, ಡಿಪಾಜಿಟ್ಟಿನ ತಕರಾರು ಬಂದರೆ ಕೇಳಲು ಇಬ್ಬರು ಹಿರಿಯರು ಬೇಕು, ಅವರಲ್ಲಿ ಒಬ್ಬರು ಮಹಿಳೆ. ನಾಲ್ಕು, ಸಂಘ ಶಿಫಾರಸು ಮಾಡುವ ಕೋಣೆಯನ್ನು ಸದಸ್ಯರೊಬ್ಬರು ಕಣ್ಣಾರೆ ನೋಡಿರಬೇಕು. ಹೊರಬರಲು ಎರಡನೆಯ ದಾರಿ ಉಂಟೆ, ಕಿಟಕಿ ತೆರೆಯುತ್ತದೆಯೆ, ನೆಲಮಾಳಿಗೆಯೆ ಎಂದು ವಿಚಾರಿಸಿರಬೇಕು.

ಇವುಗಳಿಗೆ ದೊಡ್ಡ ನಿಧಿ ಬೇಡ, ಕಟ್ಟಡವೂ ಬೇಡ. ಮುಂದಿನ ಮಹಾಸಭೆಯಲ್ಲಿ ಈ ನಾಲ್ಕನ್ನೂ ಗೊತ್ತುವಳಿಯಾಗಿ ಮಂಡಿಸುತ್ತೇವೆ. ವಿರೋಧಿಸುವವರು ಎದ್ದು ನಿಂತು ಕಾರಣ ಹೇಳಲಿ. ಒಪ್ಪುವವರು ಸಭೆಗೆ ಕಾಯಬೇಕಿಲ್ಲ. ಮಹಡಿಯ ಹುಡುಗನಿಗೆ ಈ ತಿಂಗಳ ಬಾಡಿಗೆಯ ರಸೀದಿಯನ್ನು ಇಂದೇ ಬರೆದು ಕೊಡಲಿ.