ತಳವಾರನಿಂದ ಠಾಣೆಯವರೆಗೆ



"ಹಠ ಮಾಡಿದರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ" ಎಂದು ಮಕ್ಕಳನ್ನು ಹೆದರಿಸುವ ರೂಢಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆಯೂ ಉಂಟು. ನಮ್ಮನ್ನು ಕಾಯಬೇಕಾದವರೇ ನಮ್ಮ ಮನೆಯ ಗುಮ್ಮನಾದದ್ದು ಹೇಗೆ? ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಹಿಂದೆ ಹಳ್ಳಿಯ ಕಾವಲು ತಳವಾರ, ತೋಟಿಗಳದಾಗಿತ್ತು. ಊರಿಗೆ ಹೊಸಬರು ಬಂದರೆ, ದನ ಕಳುವಾದರೆ ಪಟೇಲನಿಗೆ ಸುದ್ದಿ ಮುಟ್ಟಿಸುವವರು ಅವರೇ. ಅವರಿಗೆ ಸಂಬಳವಿಲ್ಲ, ಇನಾಮು ಜಮೀನು, ಸುಗ್ಗಿಯಲ್ಲಿ ಕಣದ ಧಾನ್ಯ, ಅಷ್ಟೇ. ಮೇಲೆ ಕಂದಾಚಾರದ ಸಿಪಾಯಿಗಳಿದ್ದರು. ಕಂದಾಯ ವಸೂಲು ಮಾಡುತ್ತಿದ್ದ ಅಮಲ್ದಾರನಿಗೇ ತಾಲ್ಲೂಕಿನ ಪೊಲೀಸ್ ಅಧಿಕಾರವೂ ಇತ್ತು.

ಇದನ್ನು ರಾಮರಾಜ್ಯವೆಂದು ಭಾವಿಸುವುದು ಸಲ್ಲದು. ಕಾವಲಿನ ಕೆಲಸ ಜಾತಿಗೆ ಅಂಟಿಕೊಂಡು ವಂಶಪಾರಂಪರ್ಯವಾಗಿತ್ತು. ಊರಿನ ಬಲಿಷ್ಠನ ಮೇಲೆ ಬಡವನು ದೂರು ಹೇಳುವ ದಾರಿ ಬಹಳ ಕಿರಿದಾಗಿತ್ತು. ಆದರೆ ಒಂದು ಗುಣವಿತ್ತು: ಕಾಯುವವನಿಗೆ ಊರು ಗೊತ್ತಿತ್ತು, ಊರಿಗೆ ಅವನು ಗೊತ್ತಿದ್ದ.

1857ರ ದಂಗೆಯ ನಂತರ ಬ್ರಿಟಿಷರು 1861ರ ಪೊಲೀಸ್ ಕಾಯಿದೆಯನ್ನು ತಂದರು. ಅವರಿಗೆ ಬೇಕಾಗಿದ್ದುದು ಪ್ರಜೆಗಳ ಸ್ನೇಹವಲ್ಲ, ಪ್ರಜೆಗಳ ಮೇಲೆ ಹಿಡಿತ. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಎಲ್. ರಿಕೆಟ್ಸ್ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದರು. ಆಗ ಹಾಸನ ಪ್ರತ್ಯೇಕ ಜಿಲ್ಲೆಯಾಗಿಯೂ ಇರಲಿಲ್ಲ. 1882ರಲ್ಲಿ ಮೈಸೂರಿಗೆ ಸೇರಿಹೋಗಿ, 1886ರಲ್ಲಿ ಮರಳಿ ಜಿಲ್ಲೆಯಾಯಿತು. ಇಲಾಖೆಗೆ ಶಿಸ್ತು, ಸಂಬಳ, ಸಮವಸ್ತ್ರಗಳು ಬಂದವು. ಜೊತೆಗೆ ಅಂತರವೂ ಬಂದಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದಾಗ ಆ ಅಂತರ ಎಷ್ಟೆಂಬುದು ನಾಡಿಗೇ ತಿಳಿಯಿತು.

ಸ್ವಾತಂತ್ರ್ಯಾನಂತರ ನಮ್ಮದೇ 1963ರ ಪೊಲೀಸ್ ಕಾಯಿದೆ ಬಂದಿತು. ಆದರೂ ಠಾಣೆಯ ಮೆಟ್ಟಿಲು ಹತ್ತಲು ಇಂದಿಗೂ ಸಾಮಾನ್ಯನಿಗೆ ಜೊತೆಗೊಬ್ಬ 'ಗೊತ್ತಿರುವವರು' ಬೇಕು. ಇದು ಕಾನೂನಿನ ಕೊರತೆಯಲ್ಲ, ಪರಿಚಯದ ಕೊರತೆ ಎಂಬುದು ನನ್ನ ಅಭಿಪ್ರಾಯ. ಬೀದಿಗಳ ಹೆಸರು ಕಲಿಯುವ ಮುನ್ನವೇ ಅಧಿಕಾರಿಗೆ ವರ್ಗವಾದರೆ ಪರಿಚಯ ಬೆಳೆಯುವುದೆಂತು? ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಕಾಶವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ಹೇಳಿತು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರವಿರಬೇಕೆಂದೂ ಹೇಳಿತು. ಎರಡೂ ಒಟ್ಟಿಗೆ ನಡೆಯಬೇಕು. ಪರಿಚಯ ಬೆಳೆದು ಅದನ್ನು ಪ್ರಶ್ನಿಸುವವರಿಲ್ಲದಿದ್ದರೆ ಹಳೆಯ ಪಟೇಲಗಿರಿಯೇ ಮರಳಿ ಬಂದಂತೆ.

2017ರಲ್ಲಿ ಕರ್ನಾಟಕದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದಿತು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಯೋಜನೆ ಆರಂಭವಾಯಿತು. ತಳವಾರನ ಆ ಒಂದು ಸದ್ಗುಣವನ್ನು ಅವನ ಕಾಲದ ಅನ್ಯಾಯವಿಲ್ಲದೆ ಮರಳಿ ತರುವ ಪ್ರಯತ್ನ ಇದೆಂದು ನಾನು ಭಾವಿಸುತ್ತೇನೆ. ಆದರೆ ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತು ಎಂದು ಪೇದೆಯನ್ನು ದಿನವೂ ಎಳೆದಾಡಿದರೆ ಅವನು ಯಾರ ಮನೆಗೆ ಹೋಗಿಯಾನು? ಅವನಿಗೂ ವಾರದ ರಜೆ ಬೇಕು, ನಿದ್ದೆ ಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಖಾಕಿ ತೊಟ್ಟವರಿದ್ದರೆ ಅವರಿಗೆ ಒಂದು ಮಾತು: ಠಾಣೆಗೆ ಬಂದ ವೃದ್ಧರಿಗೆ ಮೊದಲು ಕುರ್ಚಿ ಕೊಡಿ, ಆಮೇಲೆ ಪ್ರಶ್ನೆ ಕೇಳಿ. ತಾಯಂದಿರಾದ ನನ್ನ ವಿದ್ಯಾರ್ಥಿನಿಯರಿಗೂ ಒಂದು ಮಾತು: ಪೊಲೀಸರ ಹೆಸರು ಹೇಳಿ ಮಗುವನ್ನು ಹೆದರಿಸಬೇಡಿ. ಜಾತ್ರೆಯಲ್ಲಿ ಕೈತಪ್ಪಿದ ಮಗು ಪೊಲೀಸರನ್ನು ಕಂಡು ಓಡಿಹೋಗಬಾರದು. ಅವರ ಬಳಿಗೇ ಓಡಿಬರಬೇಕು.