ಬ್ಯಾಟರಿ ಬದಲಿಸುವ ಮುನ್ನ
ಎರಡು ದಿನ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದಿದ್ದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ, ಮೊದಲು ವಿದ್ಯುತ್ ಸೋರಿಕೆ ಹುಡುಕಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಇಗ್ನಿಷನ್ ಆಫ್ ಮಾಡಿ, ನೆಗೆಟಿವ್ ಕೇಬಲ್ ಕಳಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಜೋಡಿಸಿ. ಮೀಟರ್ ಇರುವಾಗ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅರ್ಧ ಗಂಟೆಯಾದರೂ ಕಾಯಿರಿ. ಆಮೇಲೂ ಅಂಕಿ 50 ಮಿಲಿಆಂಪಿಯರ್‌ಗಿಂತ ಬಹಳ ಮೇಲಿದ್ದರೆ ಕಳ್ಳ ಒಳಗೇ ಇದ್ದಾನೆ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ. 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನವೂ ಬಾಳದು. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಕುಸಿಯುತ್ತದೋ ಆ ಸರ್ಕ್ಯೂಟಿನಲ್ಲೇ ದೋಷ. ಆರದ ಡಿಕ್ಕಿ ದೀಪ, ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್ ಮಾಮೂಲಿ ಆರೋಪಿಗಳು. ಯಾವ ಫ್ಯೂಸಿಗೂ ಅಂಕಿ ಬಗ್ಗದಿದ್ದರೆ ಆಲ್ಟರ್ನೇಟರಿನ ಡಯೋಡ್ ಪರೀಕ್ಷಿಸಿ. ಮೂಲ ಸರಿಪಡಿಸದೆ ಬ್ಯಾಟರಿ ಬದಲಿಸಿದರೆ ಹೊಸದೂ ಹಾಗೆಯೇ ಸಾಯುತ್ತದೆ.