ಗೋಡೆಯ ಆಚೆಯವರ ಹಕ್ಕು ನಮಗ್ಯಾಕೆ?



ಕಳೆದ ಸಲ ಗುರೆಳ್ಳು ಚಟ್ನಿ ಮಾಡುವ ಬಗೆ ಬರೆಯುವಾಗ, ನಮ್ಮ ಮನೆ ಹಿಂಡಲಗಾ ಜೈಲಿಗೆ ಹತ್ತಿರ ಎಂದು ಮಾತಿನ ಓಘದಲ್ಲಿ ಬರೆದುಬಿಟ್ಟಿದ್ದೆ. ಅದನ್ನೇ ಹಿಡಿದುಕೊಂಡು ಖಾನಾಪುರ ಕಡೆಯ ಸೋದರಿಯೊಬ್ಬರು ಪತ್ರ ಹಾಕಿದ್ದಾರೆ. ಚಟ್ನಿ ಚೆನ್ನಾಗಿ ಬಂತಂತೆ, ಬೆಳ್ಳುಳ್ಳಿ ಮಾತ್ರ ಸ್ವಲ್ಪ ಹೆಚ್ಚಿಗೆ ಹಾಕಿದರಂತೆ. (ಹಾಕಬಹುದು, ಏನೂ ಕೆಡುವುದಿಲ್ಲ.) ಆಮೇಲೆ ಕೇಳಿದ್ದಾರೆ: "ಅಕ್ಕಾರ, ಖೂನಿ ಮಾಡಿದವರಿಗೂ ಸಂವಿಧಾನದ ಹಕ್ಕು ಅದ ಅಂತಾರಲ್ರೀ, ಅದರಿಂದ ನಮ್ಮಂಥವರಿಗೆ ಏನು ಬಂತು? ನೀವು ಜೈಲಿನ ಮಗ್ಗಲದಾಗ ಇರೋರು, ನಿಮಗ ಏನನಸ್ತದ?"

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಬರೆದಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಬಂದರೆ ನಮ್ಮೂರು. ಗಣಪತಿ ಗುಡಿ ಇದೆ, ಹೊಲಗದ್ದೆ ಇದ್ದಲ್ಲಿ ಈಗ ಸಾಲು ಮನೆಗಳು ಎದ್ದಿವೆ. ಆದರೆ ಇಡೀ ಕರ್ನಾಟಕಕ್ಕೆ ಗೊತ್ತಿರುವುದು 1923ರಲ್ಲಿ ಬ್ರಿಟಿಷರ ಕಾಲಕ್ಕೆ ಕಟ್ಟಿದ ಜೈಲು ಒಂದೇ. ಬೇರೆ ಊರಿನ ಮದುವೆಗೆ ಹೋಗಿ "ನಾವು ಹಿಂಡಲಗಾದವರು" ಅಂದರೆ ಸಾಕು, "ಯಾವಾಗ ಬಿಟ್ರು?" ಎಂದು ಯಾರಾದರೂ ಚೇಷ್ಟೆ ಮಾಡಿಯೇ ಮಾಡುತ್ತಾರೆ. ನಮ್ಮ ಮನೆಯವರು ನಗುತ್ತಾರೆ. ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದರೂ ನನಗೆ ನಗು ಬರುವುದಿಲ್ಲ. ಗಲ್ಲುಗಂಬ ಇರುವ ಜೈಲು ಅದು. 1983ರ ಮೇಲೆ ಅಲ್ಲಿ ಯಾರಿಗೂ ಗಲ್ಲು ಆಗಿಲ್ಲ. ಆದರೆ 2013ರ ಫೆಬ್ರವರಿಯಲ್ಲಿ ಇನ್ನೇನು ಆಗಿಯೇ ಬಿಡುತ್ತದೆ ಎನ್ನುವ ಹಾಗಿತ್ತು.

ಆ ನಾಲ್ವರು ವೀರಪ್ಪನ್ ಗುಂಪಿನವರೆಂದು ಶಿಕ್ಷೆಯಾದವರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿಸಿ, ಪೊಲೀಸರು, ಅರಣ್ಯ ಇಲಾಖೆಯವರು ಸೇರಿ 22 ಮಂದಿಯನ್ನು ಕೊಂದ ಪ್ರಕರಣ. ಮೈಸೂರಿನ ನ್ಯಾಯಾಲಯ ಜೀವಾವಧಿ ಕೊಟ್ಟಿತ್ತು, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲು ಮಾಡಿತು. ಅದೇ ವರ್ಷ ಅವರು ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಹಾಕಿದರು. ಉತ್ತರ ಬಂದದ್ದು ಒಂಬತ್ತು ವರ್ಷದ ಮೇಲೆ, 2013ರ ಫೆಬ್ರವರಿಯಲ್ಲಿ. ಉತ್ತರ: ಇಲ್ಲ.

ಆ ವಾರ ನಮ್ಮ ರಸ್ತೆಯಲ್ಲಿ ಟೀವಿಯವರ ಗಾಡಿಗಳದೇ ಸಾಲು. ಹಾಲಿನವನಿಗೂ ಬಾಗಿಲಲ್ಲಿ ನಿಂತು ಹೇಳಲು ಅದೇ ಸುದ್ದಿ. ನಾನು ರೊಟ್ಟಿ ಬಡಿಯುತ್ತ, "ಒಂಬತ್ತು ವರ್ಷ ದಿನಾ ಮುಂಜಾನೆ ಇವತ್ತೋ ನಾಳೆಯೋ ಅಂತ ಏಳೋದು ಅಂದ್ರ ಹ್ಯಾಂಗಿರಬೇಕು" ಎಂದೆ. ಆಗ ನಮ್ಮ ಅತ್ತೆಯವರು ಇದ್ದರು. "ಸತ್ತ ಇಪ್ಪತ್ತೆರಡು ಮಂದಿ ಮನ್ಯಾಗೂ ಅವ್ವಂದಿರಿದ್ರಲ್ಲವಾ, ಅವರನ್ನ ಯಾರೂ ಟೀವ್ಯಾಗ ತೋರಿಸವಲ್ರು" ಅಂದರು. ನಾನು ಸುಮ್ಮನಾದೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ನನ್ನಿಂದ ಆಗಿಲ್ಲ.

ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಗಲ್ಲಿಗೆ ತಡೆ ಕೊಟ್ಟಿತು. 2014ರ ಜನವರಿ 21ರಂದು ಈ ನಾಲ್ವರೂ ಸೇರಿ ಹದಿನೈದು ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಬಿಟ್ಟು ಕಳಿಸಲಿಲ್ಲ, ನೆನಪಿರಲಿ. ಸರಕಾರ ಕಾರಣವಿಲ್ಲದೆ ವರ್ಷಗಟ್ಟಲೆ ಅರ್ಜಿ ಇಟ್ಟುಕೊಂಡು ಕೂತರೆ, ಆ ಕಾಯುವಿಕೆಯೇ ಇನ್ನೊಂದು ಶಿಕ್ಷೆ, ಅದನ್ನು ಯಾವ ನ್ಯಾಯಾಧೀಶರೂ ಕೊಟ್ಟಿರಲಿಲ್ಲ ಎಂಬುದು ತೀರ್ಪಿನ ತಿರುಳು. ಜೊತೆಗೆ ಕೆಲವು ಕಟ್ಟಳೆ ಹಾಕಿದರು. ಅರ್ಜಿ ತಿರಸ್ಕಾರವಾದದ್ದನ್ನು ಕೈದಿಗೂ ಅವನ ಮನೆಯವರಿಗೂ ಬರೆದು ತಿಳಿಸಬೇಕು, ತಿಳಿಸಿದ ಮೇಲೆ 14 ದಿನವಾದರೂ ಬಿಡಬೇಕು, ಮನೆಯವರ ಕೊನೆಯ ಭೇಟಿ ಆಗಬೇಕು. ಅದಕ್ಕೆ ಒಂದು ವರ್ಷದ ಹಿಂದಷ್ಟೇ, 2013ರ ಫೆಬ್ರವರಿ 9ರಂದು ದಿಲ್ಲಿಯ ತಿಹಾರದಲ್ಲಿ ಅಫ್ಜಲ್ ಗುರುವಿಗೆ ಗಲ್ಲಾದಾಗ, ಕಾಶ್ಮೀರದ ಮನೆಗೆ ಹಾಕಿದ ಪತ್ರ ಎಲ್ಲ ಮುಗಿದ ಮೇಲೆ ಮುಟ್ಟಿತ್ತು.

ಇಷ್ಟರ ಮಟ್ಟಿಗೆ ನನ್ನ ಮನಸ್ಸು ಹೇಗೋ ಒಪ್ಪಿತು. ಒಪ್ಪದೆ ಜಗಳಕ್ಕೆ ನಿಂತದ್ದು ಉಮೇಶ್ ರೆಡ್ಡಿ ಎಂಬವನ ವಿಷಯದಲ್ಲಿ. 1998ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿ ಕೊಂದದ್ದಕ್ಕೆ ಗಲ್ಲು ಶಿಕ್ಷೆಯಾಗಿ ಇದೇ ಹಿಂಡಲಗಾದಲ್ಲಿ ಇದ್ದವ. ಅವನು ಈ ಗೋಡೆಯ ಆಚೆ ಇದ್ದಾನೆ ಎಂಬ ಒಂದೇ ಕಾರಣಕ್ಕೆ ನಾನು ಸಂಜೆ ಹಿತ್ತಲ ಬಾಗಿಲಿಗೆ ಎರಡೆರಡು ಚಿಲಕ ಹಾಕುತ್ತಿದ್ದೆ. 2022ರ ನವೆಂಬರ್ 4ರಂದು ಅವನ ಗಲ್ಲನ್ನೂ ಸುಪ್ರೀಂ ಕೋರ್ಟು ತೆಗೆದು, ಕಡಿಮೆಯೆಂದರೂ 30 ವರ್ಷ ಒಳಗೇ ಇರಬೇಕು ಎಂದು ಬರೆಯಿತು. ಕಾರಣ, ವರ್ಷಗಟ್ಟಲೆ ಅವನನ್ನು ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಹಳೆಯ ದಂಡಸಂಹಿತೆಯ ಪ್ರಕಾರ ಒಂಟಿ ಸೆರೆಯನ್ನು ನ್ಯಾಯಾಲಯವೇ ವಿಧಿಸಬೇಕು, ಅದೂ ಒಟ್ಟು ಮೂರು ತಿಂಗಳಿಗೆ ಮಿಕ್ಕಬಾರದು, ಒಂದೇ ಸಲಕ್ಕೆ 14 ದಿನಕ್ಕಿಂತ ಹೆಚ್ಚಿಗೆ ಇಡಬಾರದು. ಗಲ್ಲು ಶಿಕ್ಷೆಯಾದವನನ್ನು ಕೂಡ ಕ್ಷಮಾದಾನದ ದಾರಿ ಪೂರ್ತಿ ಮುಚ್ಚುವ ತನಕ ಹಾಗೆ ಬೇರೆ ಇಡಕೂಡದೆಂದು 1978ರಲ್ಲೇ ಸುನೀಲ್ ಬಾತ್ರಾ ಪ್ರಕರಣದಲ್ಲಿ ಹೇಳಿಯಾಗಿತ್ತು.

ಪತ್ರಿಕೆ ಓದಿ ನಾನು ಸಿಟ್ಟಿನಿಂದ ಮಡಿಚಿಟ್ಟೆ. "ಆ ಹೆಣ್ಣುಮಗಳಿಗೆ ಯಾವ ವಿಧಿ ಅಡ್ಡ ಬಂತ್ರೀ?" ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಚಹಾ ಕುಡಿದು ಎದ್ದು ಹೋದರು.

ಸೋದರಿಯರೇ, ಆ ಸಿಟ್ಟು ಇಳಿದದ್ದು ತೀರ್ಪು ಓದಿ ಅಲ್ಲ, ನಮ್ಮ ಮನೆಯ ಹುಡುಗನಿಂದ.

ನಾದಿನಿಯ ಮಗ, ಹತ್ತೊಂಬತ್ತು ವರ್ಷದವ, ಮೋಟಾರ್ ರಿಪೇರಿ ಕಲಿಯುತ್ತಿದ್ದ. ಒಂದು ರಾತ್ರಿ ನಾದಿನಿಯ ಫೋನು: "ವೈನೀ, ಹುಡುಗನ್ನ ಪೊಲೀಸರು ಒಯ್ದಾರ್ರೀ." ಎಲ್ಲೋ ಮೊಬೈಲ್ ಕಳವಾಗಿತ್ತಂತೆ, ಚಹಾದಂಗಡಿಯ ಮುಂದೆ ಕೂತಿದ್ದ ಹುಡುಗರಲ್ಲಿ ಇವನನ್ನೂ ಎತ್ತಿಕೊಂಡು ಹೋಗಿದ್ದರು. ಠಾಣೆಗೆ ಹೋದರೆ "ಇಲ್ಲಿ ಯಾರೂ ಇಲ್ಲ" ಎಂದರು. ಎರಡನೆಯ ಸಲ ಹೋದಾಗಲೂ ಅದೇ ಮಾತು. ಎರಡು ರಾತ್ರಿ, ಒಂದು ಹಗಲು ನಾದಿನಿ ಒಂದು ತುತ್ತು ಬಾಯಿಗಿಡಲಿಲ್ಲ. ಆ ಎರಡು ರಾತ್ರಿ ನಾನು ಬಾಗಿಲಿಗೆ ಚಿಲಕ ಹಾಕುವುದನ್ನೇ ಮರೆತಿದ್ದೆ.

ನಮ್ಮ ಓಣಿಯ ಒಬ್ಬ ನಿವೃತ್ತ ಮಾಸ್ತರರು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಇಪ್ಪತ್ನಾಲ್ಕು ತಾಸು ಆಗ್ಯಾವೇನವಾ?" ಸಂವಿಧಾನದ 22ನೆಯ ವಿಧಿಯ ಪ್ರಕಾರ, ಹಿಡಿದವನನ್ನು ದಾರಿಯ ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾಕೆ ಹಿಡಿದಿರೆಂದು ಅವನಿಗೆ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು. ಮಾಸ್ತರರು ಅದನ್ನೇ ಬರೆದರು: ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಡೆಯಿಂದ ಒಯ್ದಿದ್ದೀರಿ, ಮನೆಯವರಿಗೆ ತಿಳಿಸಿಲ್ಲ, ನ್ಯಾಯಾಲಯಕ್ಕೆ ಒಯ್ದಿಲ್ಲ. ಕೆಳಗೆ, ಪ್ರತಿ: ಮ್ಯಾಜಿಸ್ಟ್ರೇಟರಿಗೆ. ನಾದಿನಿ ಸಹಿ ಮಾಡಿದಳು. ಕೊಟ್ಟು, ಮುಟ್ಟಿದ್ದಕ್ಕೆ ಸಿಕ್ಕಾ ಕೇಳಿದೆವು. ಕೂತವರು ಕಾಗದ ಹಿಡಿದು ಒಳಗೆ ಹೋದರು. ಸಂಜೆಗೆ ಹುಡುಗ ಮನೆಯಲ್ಲಿದ್ದ. ಅಂಗಾಲು ಊದಿದ್ದವು. ಅವನ ಮೇಲೆ ಯಾವ ಕೇಸೂ ಆಗಲಿಲ್ಲ.

ಮನೆಯವರಿಗೆ ತಿಳಿಸಲೇಬೇಕು, ಹಿಡಿದದ್ದಕ್ಕೆ ಸಾಕ್ಷಿ ಸಹಿತ ಕಾಗದ ಮಾಡಲೇಬೇಕು ಎಂಬ ನಿಯಮ ಎಲ್ಲಿಂದ ಬಂತೆಂದು ಆಮೇಲೆ ಮಾಸ್ತರರನ್ನು ಕೇಳಿದೆ. 1986ರಲ್ಲಿ ಬಂಗಾಲದ ಡಿ. ಕೆ. ಬಸು ಎಂಬವರು ಲಾಕಪ್ಪಿನಲ್ಲಿ ಜನ ಸಾಯುವ ಸುದ್ದಿಗಳನ್ನು ಓದಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರಂತೆ. ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳನ್ನು ಹಾಕಿತು. ಹಾಗೆ ಸತ್ತವರಲ್ಲಿ ಕಳ್ಳರೂ ಇದ್ದಿರಬೇಕು. ಅವರ ದೆಸೆಯಿಂದ ಹುಟ್ಟಿದ ನಿಯಮ ನಮ್ಮ ಹುಡುಗನನ್ನು ಮನೆಗೆ ತಂದಿತು. ಜೀವ, ಸ್ವಾತಂತ್ರ್ಯವನ್ನು ಕಾನೂನಿನ ಕ್ರಮ ಬಿಟ್ಟು ಕಸಿಯಬಾರದೆನ್ನುವ 21ನೆಯ ವಿಧಿಯಲ್ಲಿ ಇರುವುದು 'ವ್ಯಕ್ತಿ' ಎಂಬ ಮಾತು. ಒಳ್ಳೆಯ ವ್ಯಕ್ತಿ ಎಂದು ಬರೆದಿದ್ದರೆ, ನಮ್ಮ ಹುಡುಗ ಒಳ್ಳೆಯವನೋ ಅಲ್ಲವೋ ಎಂದು ಆ ರಾತ್ರಿ ಠಾಣೆಯವರೇ ತೀರ್ಮಾನಿಸುತ್ತಿದ್ದರು.

ಆ ವಿಧಿಗೂ ಒಮ್ಮೆ ಗ್ರಹಣ ಹಿಡಿದಿತ್ತು. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲಿನಲ್ಲಿ, ಬಂಧನ ತಪ್ಪೆಂದು ಯಾರೂ ನ್ಯಾಯಾಲಯಕ್ಕೆ ಬರುವಂತಿಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿತು. ಐವರಲ್ಲಿ ಒಪ್ಪದವರು ಎಚ್. ಆರ್. ಖನ್ನಾ ಒಬ್ಬರೇ. 'ಸಂಸ್ಕಾರ' ಚಿತ್ರದ ಸ್ನೇಹಲತಾ ರೆಡ್ಡಿ ಅದೇ ವರ್ಷ ವಿಚಾರಣೆಯಿಲ್ಲದೆ ಬೆಂಗಳೂರು ಜೈಲಿನಲ್ಲಿದ್ದರು. ಅಸ್ತಮಾ ಇತ್ತು. ಬಿಟ್ಟ ಕೆಲವೇ ದಿನಗಳಿಗೆ, 1977ರ ಜನವರಿ 20ರಂದು, ತೀರಿಹೋದರು. ಇಂಥವೆಲ್ಲ ಆದ ಮೇಲೆಯೇ 1978ರ ತಿದ್ದುಪಡಿ ಬಂದು, 21ನೆಯ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಮುಚ್ಚಿಡುವಂತಿಲ್ಲವೆಂದಾಯಿತು.

ಈಗ ಖಾನಾಪುರದ ಸೋದರಿಯ ಸಣ್ಣ ಅಕ್ಷರಕ್ಕೆ ಬರುತ್ತೇನೆ. ಅವರ ತಂಗಿ ಹೊಲದ ಜಗಳವೊಂದನ್ನು ಕಂಡಿದ್ದಾಳಂತೆ, ಸಾಕ್ಷಿ ಹೇಳಿಕೆಗೆಂದು ದೀಪ ಹಚ್ಚುವ ಹೊತ್ತಿಗೆ ಠಾಣೆಗೆ ಕರೆಯುತ್ತಿದ್ದಾರಂತೆ. ಸೋದರಿ, ತಂಗಿ ಹೋಗಬೇಕಾಗಿಲ್ಲ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನ ಪ್ರಕಾರ ಹೆಂಗಸರನ್ನು, 15ರ ಒಳಗಿನ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿಗೆಂದು ಠಾಣೆಗೆ ಬಾ ಎನ್ನುವಂತಿಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವುದಂತೂ ತೀರಾ ವಿಶೇಷ ಸಂದರ್ಭ ಬಿಟ್ಟರೆ ಆಗದು, ಆಗಲೂ ಮಹಿಳಾ ಅಧಿಕಾರಿಯೇ ಮುಂಚಿತವಾಗಿ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದಿರಬೇಕು. ವಕೀಲರಿಗೆ ದುಡ್ಡಿಲ್ಲವೆಂದು ಹೆದರಬೇಡಿ. 1987ರ ಕಾಯಿದೆಯಂತೆ ಆದಾಯ ಎಷ್ಟೇ ಇರಲಿ ಹೆಂಗಸರಿಗೆ ಬಿಟ್ಟಿ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ತಂಗಿಗೆ ಎರಡು ಪ್ರತಿ ಬರೆಯಲು ಹೇಳಿ, ಒಂದರ ಮೇಲೆ ಸಿಕ್ಕಾ ಹಾಕಿಸಿಕೊಂಡು ಇಟ್ಟುಕೊಳ್ಳಲಿ. ಏನಾಯಿತೆಂದು ನನಗೂ ಒಂದು ಕಾರ್ಡು ಹಾಕಿ.